ನನ್ನ ಗಲ್ಲಾಪೆಟ್ಟಿಗೆಯ ಬೀಗದ ಕೈ ನಿಮ್ಮ ಹತ್ತಿರ ಏಕೆ?

ಬೆಂಗಳೂರಿನಲ್ಲಿ ಸಂಗೀತೋತ್ಸವ ನಡೆಸುವ ಆಯೋಜಕರಿಗೂ, ಅವರ ಅರ್ಜಿಗೆ ಅನುಮತಿಯ ಮುದ್ರೆ ಒತ್ತುವ ಅಧಿಕಾರಿಗಳಿಗೂ ಒಬ್ಬ ತಿಂಡಿ ವ್ಯಾಪಾರಿಯ ಬಹಿರಂಗ ಪತ್ರ

ಮಾನ್ಯರೇ,

ಮುಂದಿನ ಉತ್ಸವದ ಕರಾರುಪತ್ರ ನನ್ನ ಕೈಸೇರಿ ಎಂಟು ದಿನವಾಯಿತು. ಒಂಬತ್ತು ಪುಟ, ಅಷ್ಟೂ ಇಂಗ್ಲಿಷಿನಲ್ಲಿ. ಬೋಂಡ ಕರಿಯುವವನಿಗೆ ಇಂಗ್ಲಿಷಿನಲ್ಲಿ ಕರಾರು ಕಳಿಸುವುದು ಯಾವ ನ್ಯಾಯ ಎಂಬ ಜಗಳವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುತ್ತೇನೆ. ಬಿ.ಕಾಂ. ಓದುತ್ತಿರುವ ಮಗಳು ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಕೂತು ಓದಿ ಹೇಳಿದಳು. ಹನ್ನೊಂದನೆಯ ಕಲಮಿಗೆ ಬಂದಾಗ ತಡೆದು, “ಅಪ್ಪ, ಹೋದ ವರ್ಷದ್ದನ್ನೇ ಮತ್ತೆ ಹಾಕಿದ್ದಾರೆ” ಎಂದಳು. ಮಳಿಗೆಯವರು ನಗದು ತೆಗೆದುಕೊಳ್ಳುವಂತಿಲ್ಲ. ಯುಪಿಐ ಕ್ಯೂಆರ್ ಹಲಗೆ ಇಡುವಂತಿಲ್ಲ. ಗ್ರಾಹಕನ ಮಣಿಕಟ್ಟಿಗೆ ಕಟ್ಟಿದ ಪಟ್ಟಿಯನ್ನು ಯಂತ್ರಕ್ಕೆ ಮುಟ್ಟಿಸಿದರೆ ಮಾತ್ರ ವ್ಯಾಪಾರ. ತಪ್ಪಿದರೆ ಮಳಿಗೆ ತೆರವು, ಠೇವಣಿ ಮುಟ್ಟುಗೋಲು.

ನಾನು ಚಾಮರಾಜಪೇಟೆಯವನು. ಶ್ರೀರಾಮ ಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ ನಮ್ಮ ಬೀದಿಯ ಬೇಸಿಗೆ. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಪೆಂಡಾಲು ಎದ್ದಿತೆಂದರೆ ನನ್ನ ತಂದೆ ಹೊರಗೆ ಒಂದು ಕೈಗಾಡಿ, ಒಂದು ಸೀಮೆಎಣ್ಣೆ ಒಲೆ ಹೂಡುತ್ತಿದ್ದರು. ಸಂಗೀತದ ಓದು ಅವರಿಗಿರಲಿಲ್ಲ. ಆದರೆ ಒಳಗೆ ಹಾಡು ನಿಂತು ಮೃದಂಗದವರೇ ನುಡಿಸುವ ತನಿ ಆವರ್ತನ ಶುರುವಾದ ಕ್ಷಣವೇ ಹಾಲಿನ ಪಾತ್ರೆಯನ್ನು ಒಲೆಗೆ ಏರಿಸುತ್ತಿದ್ದರು. ತನಿಗೆ ಎದ್ದು ಬರುವ ಜನ ಎಷ್ಟು ಹೊತ್ತಿಗೆ ಗಾಡಿ ಮುಟ್ಟುತ್ತಾರೆ, ಮಂಗಳಕ್ಕೆ ಮುಂಚೆ ಎಷ್ಟು ಲೋಟ ಹೋಗುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮೃದಂಗದವರು ತುಸು ಲಂಬಿಸಿದರೆ ನಮ್ಮ ಮನೆಗೆ ಆ ವಾರ ಹೆಚ್ಚು ಸಕ್ಕರೆ ಬರುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವನು ನಾನು. ಸಂಗೀತೋತ್ಸವಕ್ಕೂ ಚಿಲ್ಲರೆ ಕಾಸಿಗೂ ಇರುವ ನಂಟನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪತ್ರದ ತಲೆಬರಹ ನೋಡಿ, ಇವನೂ ಒಬ್ಬ ಹಳೇ ಕಾಲದ ನೋಟುಪ್ರೇಮಿ ಎಂದು ಮಡಚಿಡಬೇಡಿ. ನೋಟಿನ ಮೇಲೆ ನನಗೆ ಯಾವ ಮೋಹವೂ ಇಲ್ಲ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಎಂಬ ಇಂಗ್ಲೆಂಡಿನ ರಾಕ್ ತಂಡ ಬಂದಾಗ ಹೊರಗೆ ನೀರು, ಬಾಳೆಹಣ್ಣು, ಮೊಟ್ಟೆ ಬೋಂಡ ಮಾರಿದವರಲ್ಲಿ ನಾನೂ ಒಬ್ಬ. ಕಪ್ಪು ಅಂಗಿಯ ಹುಡುಗರು, ಬೆವರಿಗೆ ಒದ್ದೆಯಾದ ನೂರರ ನೋಟು, ಸಂಜೆ ಆರಕ್ಕೆಲ್ಲ ಚಿಲ್ಲರೆ ಖಾಲಿ. ಎರಡು ರೂಪಾಯಿಗೆ ಪೆಪ್ಪರ್‌ಮಿಂಟು, ಐದಕ್ಕೆ ಇನ್ನೊಂದು ಬಾಳೆಹಣ್ಣು. ರಾತ್ರಿ ಮನೆಯಲ್ಲಿ ಎಣಿಸಿದರೆ ಒಂದು ಐನೂರು ಖೋಟಾ. ಆ ದಿನದ ಲಾಭದಲ್ಲಿ ಕಾಲು ಭಾಗವನ್ನು ಅದೊಂದೇ ನೋಟು ನುಂಗಿತು. ಗಲ್ಲಾದ ಮೇಲೆ ಕೂತ ಹುಡುಗನ ಜೇಬಿಗೆ ಇಳಿದು ಹೋಗುವುದು, ಮಳೆ ಬಂದರೆ ನೋಟು ಮುದ್ದೆಯಾಗುವುದು, ಹತ್ತರ ನಾಣ್ಯ ನಡೆಯುತ್ತದೆ ಎಂದು ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದರೂ ಮುಂದಿನ ಅಂಗಡಿಯವನು ಅದನ್ನು ಮುಟ್ಟದಿರುವುದು, ಇವೆಲ್ಲ ನಗದಿನ ಜೊತೆಗೇ ಹುಟ್ಟಿದ ರೋಗಗಳು.

ಹಾಗಾಗಿ 2016ರ ನವೆಂಬರ್ 8ರ ರಾತ್ರಿಯ ನಂತರ, ನೋಟು ರದ್ದಾದ ಚಳಿಗಾಲದಲ್ಲಿ ಒಬ್ಬ ಹುಡುಗ ಬಂದು ಕ್ಯೂಆರ್ ಚೀಟಿ ಅಂಟಿಸುತ್ತೇನೆ ಎಂದಾಗ ಬೇಡ ಎನ್ನಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಷ್ಟೇ ಯುಪಿಐ ಹುಟ್ಟಿತ್ತು. ನಮಗೆ ಅದರ ಹೆಸರೂ ತಿಳಿದಿರಲಿಲ್ಲ. ಇವತ್ತು ನನ್ನ ಅಂಗಡಿಯಲ್ಲಿ ಹತ್ತರಲ್ಲಿ ಏಳು ಕಾಫಿ ಅದರಲ್ಲೇ ಹೋಗುತ್ತದೆ. ಕಡಲೆಕಾಯಿ ಪರಿಷೆಯಲ್ಲಿ ಸೇರು ಅಳೆಯುವ ಅಜ್ಜಿಯ ಗೋಣಿಚೀಲಕ್ಕೂ ಕ್ಯೂಆರ್ ಚೀಟಿ ಪಿನ್ನು ಹಾಕಿ ನಿಲ್ಲಿಸಿರುತ್ತಾರೆ.

ಅದಕ್ಕೂ ತೊಂದರೆಗಳಿವೆ, ಇಲ್ಲವೆನ್ನುವುದಿಲ್ಲ. ಸಂಗೀತದ ಜಾಗದಲ್ಲಂತೂ ಅದರ ಫಜೀತಿಯೇ ಬೇರೆ. ಹಣ ಬಂತೆಂದು ಕೂಗಿ ಹೇಳುವ ಡಬ್ಬಿ ಇದೆಯಲ್ಲ, ಸೌಂಡ್ ಬಾಕ್ಸು, ಅದರ ದನಿ ನನ್ನ ಅಂಗಡಿಯಲ್ಲಿ ಬೀದಿ ಆಚೆಗೂ ಕೇಳುತ್ತದೆ. ವೇದಿಕೆಯ ಎದುರು ಆಳೆತ್ತರದ ಸ್ಪೀಕರುಗಳು ಗುಡುಗುವಾಗ ಅದರ ಬಾಯಿ ಅಲ್ಲಾಡುತ್ತದೆಯೋ ಇಲ್ಲವೋ ಎನ್ನುವುದೂ ತಿಳಿಯುವುದಿಲ್ಲ. ಒಂದು ಕಾರ್ಯಕ್ರಮದಲ್ಲಿ ನಮ್ಮ ಹುಡುಗನೊಬ್ಬ ಸಂಜೆಯಿಡೀ ಆ ಡಬ್ಬಿಯನ್ನು ಮಗುವಿನಂತೆ ಎತ್ತಿಕೊಂಡು ಕಿವಿಗೆ ಒತ್ತಿಕೊಂಡೇ ನಿಂತಿದ್ದ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಜಾಲರಿ ಸೌಟು. ಸಾವಿರಾರು ಜನ ಒಂದೇ ಬಯಲಿನಲ್ಲಿ ಸೇರಿ, ಎಲ್ಲರೂ ವಿಡಿಯೊ ಕಳಿಸುತ್ತ ನಿಂತರೆ ನೆಟ್‌ವರ್ಕ್ ಸತ್ತೇ ಹೋಗುತ್ತದೆ. ಚಕ್ರ ತಿರುಗುತ್ತಲೇ ಇರುತ್ತದೆ, ಬೋಂಡ ಆರುತ್ತಲೇ ಇರುತ್ತದೆ. ಇನ್ನು 2025ರ ಏಪ್ರಿಲ್ 12ರ ಶನಿವಾರ ನೆನಪಿಸಿಕೊಳ್ಳಿ. ದೇಶದಲ್ಲೆಲ್ಲ ಯುಪಿಐ ಕೈಕೊಟ್ಟಿತು. ನನ್ನ ಅಂಗಡಿಯಲ್ಲಿ ಕಾಫಿ ಕುಡಿದು ಮುಗಿಸಿದವರು ಖಾಲಿ ಲೋಟ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಆವತ್ತು ಮಾನ ಉಳಿಸಿದ್ದು ಪರ್ಸಿನ ಮೂಲೆಯಲ್ಲಿ ಮಡಚಿಟ್ಟ ಐವತ್ತರ ನೋಟುಗಳು.

ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಮೊತ್ತ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ, ಊರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಗಾಡಿಗಳಲ್ಲೆಲ್ಲ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಕಾಗದ ಎದ್ದಿತು. ನನ್ನ ಅಂಗಡಿಯಲ್ಲೂ ಹತ್ತು ದಿನ ಇತ್ತು. ನನಗೆ ನೋಟಿಸು ಬಂದಿರಲಿಲ್ಲ, ಭಯ ಮಾತ್ರ ಬಂದಿತ್ತು. ಆಮೇಲೆ ಲೆಕ್ಕದವರ ಹತ್ತಿರ ಹೋಗಿ ನೋಂದಣಿ ಮಾಡಿಸಿ ಕಾಗದ ಕಿತ್ತೆ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ನಗದು ಬೇಕೆನ್ನುವವರೆಲ್ಲ ತೆರಿಗೆ ಕದಿಯುವವರು ಎಂದು ನಿಮ್ಮ ಕಡೆಯವರೊಬ್ಬರು ಫೋನಿನಲ್ಲಿ ನಕ್ಕರು. ಆ ನಗುವಿನಲ್ಲಿ ಸ್ವಲ್ಪ ಸತ್ಯವಿದೆ. ನನ್ನ ಮಟ್ಟಿಗೆ ಅದು ಹತ್ತು ದಿನದ ಸತ್ಯ.

ಈಗ ನಿಮ್ಮ ಪಟ್ಟಿಯ ಮಾತು. ನೀವು ಅದನ್ನು ‘ಬ್ಯಾಂಡ್’ ಎನ್ನುತ್ತೀರಿ. ಮೊದಲ ಸಲ ಕೇಳಿದಾಗ, ಬ್ಯಾಂಡಿನವರಿಗೆ ದುಡ್ಡು ಕೊಟ್ಟರೆ ಅವರು ನಮಗೆ ಕೊಡುತ್ತಾರೇನೋ ಎಂದುಕೊಂಡಿದ್ದೆ. ಬಟ್ಟೆಯ ಪಟ್ಟಿ, ಅದರಲ್ಲಿ ಅಕ್ಕಿಕಾಳಿನಷ್ಟು ಚಿಪ್. ಬಾಗಿಲ ಬಳಿ ದುಡ್ಡು ಕಟ್ಟಿಸಿಕೊಂಡರೆ ಅಷ್ಟು ಮೊತ್ತ ಅದರಲ್ಲಿ ಏರುತ್ತದೆ. ನಮ್ಮ ಯಂತ್ರಕ್ಕೆ ಮುಟ್ಟಿಸಿದರೆ ಇಳಿಯುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುವಂತೆ ಮಾಡಬಹುದು, ಲೆಕ್ಕ ಆಮೇಲೆ ಹೊಂದಿಸಿಕೊಳ್ಳುತ್ತದೆ. ವೇಗವನ್ನು ಕಣ್ಣಾರೆ ಕಂಡಿದ್ದೇನೆ. ಯುಪಿಐನಲ್ಲಿ ಒಬ್ಬ ಗ್ರಾಹಕ ಹೋಗುವಷ್ಟರಲ್ಲಿ ಪಟ್ಟಿಯಲ್ಲಿ ಮೂವರು ಹೋಗುತ್ತಿದ್ದರು. ಯಂತ್ರದ ಮೇಲೆ ನನಗೆ ದೂರಿಲ್ಲ.

ದೂರು ಶುರುವಾಗುವುದು ಹೋದ ವರ್ಷದ ಒಂದು ಸಂಜೆಯಿಂದ. ಊರ ಉತ್ತರಕ್ಕೆ, ವಿಮಾನ ನಿಲ್ದಾಣದ ದಾರಿಯ ಒಂದು ಬಯಲು. ಎರಡು ದಿನದ ಉತ್ಸವ. ಮಳಿಗೆ ತೆರೆದ ಬೆಳಗ್ಗೆ ನಮಗೆ ಬೋಣಿ ಎಂಬುದೊಂದು ಇರುತ್ತದೆ. ಮೊದಲ ಗಿರಾಕಿ ಕೊಟ್ಟ ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕುತ್ತೇವೆ. ಯುಪಿಐ ಆದರೂ ಹೆಂಡತಿ ಡಬ್ಬಿಯ ಮೇಲೆ ಕೈಯಿಟ್ಟು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ; ಬ್ಯಾಂಕಿಗಾದರೂ ಬಂತಲ್ಲ ಎಂಬ ಸಮಾಧಾನ. ಆವತ್ತು ಯಂತ್ರ ‘ಕೀಂ’ ಎಂದಿತು. ಆಕೆ ಕೈ ಚಾಚಿ, ಎಲ್ಲಿ ಮುಟ್ಟಬೇಕೆಂದು ತಿಳಿಯದೆ ಹಿಂದೆ ತೆಗೆದುಕೊಂಡಳು. ಬಂದ ದುಡ್ಡು ನಮಗೆ ಬಂದೇ ಇರಲಿಲ್ಲ. ಅದು ನಿಮಗೆ ಬಂದಿತ್ತು.

ಸಂಜೆ ನಾಲ್ಕಕ್ಕೆ ಪಕ್ಕದ ಸಣ್ಣ ವೇದಿಕೆಯಲ್ಲಿ ಡೊಳ್ಳು ಕುಣಿತ. ಶಿವಮೊಗ್ಗದ ಕಡೆಯ ಹದಿನಾಲ್ಕು ಜನರ ತಂಡ. ನೆಲದ ಕಲೆಗೆ ಗೌರವ ಎಂದು ದೊಡ್ಡ ಫಲಕ. ಕುಣಿದು ಮುಗಿಸಿ, ಗೆಜ್ಜೆ ಬಿಚ್ಚದೆ, ಡೊಳ್ಳು ಹೆಗಲಲ್ಲೇ ಇಟ್ಟುಕೊಂಡು ನೇರ ನನ್ನ ಮಳಿಗೆಗೆ ಬಂದರು. ಮುಂದಿದ್ದ ಹಿರಿಯರಿಗೆ ಅರವತ್ತು ದಾಟಿರಬೇಕು. ಹಣೆಯ ಭಂಡಾರ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಸೊಂಟದ ಚೀಲದಿಂದ ಐನೂರರ ನೋಟು ತೆಗೆದು ಹಲಗೆಯ ಮೇಲಿಟ್ಟು, “ಎಲ್ಲರಿಗೂ ಕಾಫಿ ಕೊಡಿ ಸ್ವಾಮಿ, ಸಾಲದೆ ಬಂದರೆ ಇನ್ನೊಂದು ಕೊಡುತ್ತೇನೆ” ಎಂದರು.

“ಯಜಮಾನರೇ, ಇಲ್ಲಿ ನೋಟು ನಡೆಯುವುದಿಲ್ಲ.”

ಅವರು ನೋಟನ್ನು ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು. “ಮತ್ತೆ ನೋಟು ಬಂದ್ ಮಾಡಿದರೇ?”

ಹಾಗಲ್ಲ, ಕೈಗೆ ಪಟ್ಟಿ ಬೇಕು ಎಂದೆ. ಪಟ್ಟಿ ಇದೆಯಲ್ಲ ಎಂದು ಮಣಿಕಟ್ಟು ತೋರಿಸಿದರು. ಕಲಾವಿದರಿಗೆ ಕಟ್ಟಿದ ಹಳದಿ ಪಟ್ಟಿ. ಯಂತ್ರಕ್ಕೆ ಮುಟ್ಟಿಸಿದರೆ ಕೆಂಪು ದೀಪ, ಅದರಲ್ಲಿ ಕಾಸಿಲ್ಲ. ಕಾಸು ಹಾಕಿಸುವ ಹತ್ತಿರದ ಗೂಡಿನಲ್ಲಿ ಕಾರ್ಡ್ ಅಥವಾ ಫೋನು. ತಂಡದಲ್ಲಿ ಇದ್ದ ಫೋನುಗಳನ್ನೆಲ್ಲ ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ಬಿಟ್ಟು ಬಂದಿದ್ದರು. ಡೊಳ್ಳು ಕುಣಿಯುವವರು ಫೋನು ಎಲ್ಲಿ ಇಟ್ಟುಕೊಳ್ಳಬೇಕು? ನಗದು ಕೊಟ್ಟು ಕಾಸು ಹಾಕಿಸಿಕೊಳ್ಳುವ ಗೂಡು ಒಂದೇ ಒಂದು ಇತ್ತು, ಮುಖ್ಯ ಬಾಗಿಲಲ್ಲಿ. ಬಯಲಿನ ಆ ತುದಿ. ಅದರ ಸಾಲು ಇಲ್ಲಿಂದಲೇ ಕಾಣುತ್ತಿತ್ತು.

ನಾನು ಹದಿನಾಲ್ಕು ಕಾಫಿ ಕೊಟ್ಟೆ. ದುಡ್ಡು ಬೇಡವೆಂದೆ. ಅವರು ಒಪ್ಪಲಿಲ್ಲ, ನೋಟು ಹಲಗೆಯ ಮೇಲೆ ಬಿಟ್ಟು ಹೋಗಲು ನೋಡಿದರು. ನಾನು ಅದನ್ನು ಅವರ ಮುಷ್ಟಿಗೆ ತುರುಕಬೇಕಾಯಿತು, ಕಳ್ಳ ಸರಕು ಸಾಗಿಸುವವನ ಹಾಗೆ ಸುತ್ತ ನೋಡುತ್ತ. ರಾತ್ರಿ ನಿಮ್ಮ ಮೇಲ್ವಿಚಾರಕರು ಬಂದು ಉಳಿದ ಕಾಗದದ ಲೋಟಗಳನ್ನು ಎಣಿಸಿದರು. ಯಂತ್ರದ ಲೆಕ್ಕಕ್ಕೂ ಲೋಟದ ಲೆಕ್ಕಕ್ಕೂ ಹದಿನಾಲ್ಕರ ವ್ಯತ್ಯಾಸ. ನೀವೇ ನಿಗದಿ ಮಾಡಿದ್ದ ಬೆಲೆ ಲೋಟಕ್ಕೆ 60 ರೂಪಾಯಿ. ನನ್ನ ಬಾಕಿಯಲ್ಲಿ 840 ರೂಪಾಯಿಯನ್ನು ‘ಲೆಕ್ಕಕ್ಕೆ ತೋರಿಸದ ಮಾರಾಟ’ ಎಂದು ಮುರಿದುಕೊಂಡರು. ಆ ಸಾಲು ನನ್ನ ಹತ್ತಿರ ಈಗಲೂ ಇದೆ, ಮಗಳು ಕಡತದಲ್ಲಿ ಹಾಕಿಟ್ಟಿದ್ದಾಳೆ.

ನಿಮ್ಮ ವೇದಿಕೆಯ ಮೇಲೆ ಕುಣಿಯಬಹುದಾದ ಮನುಷ್ಯ ನಿಮ್ಮ ಬಯಲಿನಲ್ಲಿ ಕಾಫಿ ಕೊಳ್ಳಲಾರ. ಭದ್ರತೆಯ ಹುಡುಗರು, ಕಸ ಎತ್ತುವ ಹೆಂಗಸರು, ತಂತಿ ಎಳೆಯುವವರು, ಅಪ್ಪ ಅಮ್ಮ ಕೈಗಿಟ್ಟ ಇನ್ನೂರು ರೂಪಾಯಿ ಹಿಡಿದು ಬಂದ ಹದಿನೈದರ ಹುಡುಗಿ, ಇವರೆಲ್ಲರದೂ ಅದೇ ಪಾಡು. ರಿಸರ್ವ್ ಬ್ಯಾಂಕ್ ಕಾಯಿದೆ, 1934ರ 26ನೇ ಕಲಮು ಬ್ಯಾಂಕ್ ನೋಟು ಭಾರತದ ಯಾವುದೇ ಸ್ಥಳದಲ್ಲಿ ಕಾನೂನುಬದ್ಧ ಹಣ ಎನ್ನುತ್ತದೆ. ಮಾರುವ ಮುನ್ನವೇ ಷರತ್ತು ಹೇಳಿದರೆ ಆ ಮಾತು ಬೇರೆ ಎಂದು ನಿಮ್ಮ ವಕೀಲರು ವಾದಿಸಬಹುದು. ವಾದಿಸಲಿ. ನ್ಯೂಯಾರ್ಕ್ ನಗರದವರು ಅಂಗಡಿಗಳು ನಗದು ನಿರಾಕರಿಸಬಾರದೆಂದು 2020ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿಕೊಂಡರು. ನಾರ್ವೆಯಂಥ ದೇಶ, ಅಲ್ಲಿ ನೋಟು ಹಿಡಿಯುವವರೇ ವಿರಳ, ಅವರೂ 2024ರ ಅಕ್ಟೋಬರಿನಿಂದ ನಗದು ಕೊಡುವ ಗ್ರಾಹಕನ ಹಕ್ಕನ್ನು ಬಿಗಿ ಮಾಡಿದ್ದಾರೆ. ದುಡ್ಡಿದ್ದೂ ನೀರು ಸಿಗದೆ ನಿಲ್ಲುವವನೊಬ್ಬ ಎಲ್ಲ ಊರಲ್ಲೂ ಇರುತ್ತಾನೆ ಎಂದು ಅವರಿಗೆ ತಿಳಿದಿದೆ.

ಎರಡನೆಯ ದೂರು, ಪಟ್ಟಿಯಲ್ಲಿ ಉಳಿಯುವ ದುಡ್ಡು. ನಮ್ಮ ಊರಿನವರಿಗೆ ಇದನ್ನು ಬಿಎಂಟಿಸಿ ಬಸ್ಸಿನ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಕಂಡಕ್ಟರರ ಹತ್ತಿರ ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ. ಇಳಿಯುವಾಗ ಕೇಳಿ ಪಡೆಯಬೇಕು. ಮೆಜೆಸ್ಟಿಕ್ ಬಂತೆಂಬ ಗಡಿಬಿಡಿಯಲ್ಲಿ ಮರೆತು ಇಳಿದು, ಬಸ್ಸು ಹೊರಟ ಮೇಲೆ ಟಿಕೆಟ್ಟು ನೋಡಿಕೊಂಡು ಹಣೆ ಚಚ್ಚಿಕೊಳ್ಳದ ಬೆಂಗಳೂರಿಗನಿಲ್ಲ. ಆದರೂ ಆ ಕಂಡಕ್ಟರರು ಒಂದು ಮಾತಿಗೂ ಸಿಗುತ್ತಾರೆ, ಜಗಳಕ್ಕೂ ಸಿಗುತ್ತಾರೆ. ಹದಿಮೂರು ರೂಪಾಯಿ ಬಾಕಿ ಕೊಡಲು ಐದು ರೂಪಾಯಿ ಶುಲ್ಕ ಎಂದು ಯಾವ ಕಂಡಕ್ಟರರೂ ಈವರೆಗೆ ಕೇಳಿಲ್ಲ.

ನಿಮ್ಮ ಪಟ್ಟಿಗೆ ಕನಿಷ್ಠ 500 ರೂಪಾಯಿ ಹಾಕಿಸಬೇಕು, ಆಮೇಲೆ ಐನೂರೈನೂರರ ಲೆಕ್ಕದಲ್ಲೇ. ಕಾಫಿ 60, ಬೋಂಡದ ತಟ್ಟೆ 120, ನೀರು 50. ಈ ಬೆಲೆಗಳನ್ನು ಹೇಗೆ ಕೂಡಿಸಿದರೂ ಐನೂರಕ್ಕೆ ಸರಿಹೋಗಿಸಲು ಗ್ರಾಹಕ ತಲೆಕೆಡಿಸಿಕೊಳ್ಳಬೇಕು. ಏನಾದರೂ ಉಳಿದೇ ಉಳಿಯುತ್ತದೆ. ಉಳಿದದ್ದನ್ನು ವಾಪಸು ಪಡೆಯಲು ಆ್ಯಪ್, ಅದರಲ್ಲಿ ಅರ್ಜಿ, ಅರ್ಜಿಗೆ 50 ರೂಪಾಯಿ ಶುಲ್ಕ, ಹತ್ತು ದಿನದ ಗಡುವು. ಅಂದರೆ 50ಕ್ಕಿಂತ ಕಡಿಮೆ ಉಳಿದವನಿಗೆ ಸಿಗುವುದು ಸೊನ್ನೆ. ಸುಮ್ಮನೆ ಲೆಕ್ಕಕ್ಕೆ ಹೇಳುತ್ತೇನೆ: 20,000 ಜನರ ಕೈಯಲ್ಲಿ ತಲಾ 40 ರೂಪಾಯಿ ಉಳಿದರೆ 8 ಲಕ್ಷ. ಒಂದು ಬೋಂಡವನ್ನೂ ಕರಿಯದೆ, ಒಂದು ಹಾಡನ್ನೂ ಹಾಡದೆ.

ದರ್ಶಿನಿಯಲ್ಲೂ ನಾವು ಮೊದಲೇ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳುತ್ತೇವೆ, ಅದರಲ್ಲಿ ಏನು ವಿಶೇಷ ಎಂದು ನಿಮ್ಮವರು ಕೇಳಿದ್ದರು. ದರ್ಶಿನಿಯ ಟೋಕನ್ನಿನ ಮೇಲೆ ‘ಎರಡು ಇಡ್ಲಿ ಒಂದು ವಡೆ’ ಎಂದು ಅಚ್ಚಾಗಿರುತ್ತದೆ. ಹೇಳಿದ್ದಕ್ಕೆ ಕೊಟ್ಟೆ, ಕೊಟ್ಟದ್ದಕ್ಕೆ ತಿಂದೆ, ಮುಗಿಯಿತು. ಮುಂದಿನ ವಾರ ನಾನು ತಿನ್ನಬಹುದಾದ ಮಸಾಲೆದೋಸೆಯ ದುಡ್ಡನ್ನು ಯಾವ ಗಲ್ಲಾದವರೂ ಇವತ್ತೇ ಇಟ್ಟುಕೊಳ್ಳುವುದಿಲ್ಲ.

ಇಲ್ಲಿ ಅಧಿಕಾರಿಗಳ ಗಮನಕ್ಕೆ ಒಂದು ಮಾತು. ಹೀಗೆ ಮುಂಗಡವಾಗಿ ದುಡ್ಡು ತುಂಬಿಸಿಕೊಳ್ಳುವ ಸಾಧನಗಳಿಗೆ ರಿಸರ್ವ್ ಬ್ಯಾಂಕಿನ ನಿಯಮಾವಳಿ ಇದೆ, 2021ರಲ್ಲಿ ಪರಿಷ್ಕರಿಸಿ ಹೊರಡಿಸಿದ್ದು. ಮಗಳು ಅದನ್ನು ತನ್ನ ಮೇಷ್ಟರ ಹತ್ತಿರ ಕೂತು ಓದಿಕೊಂಡು ಬಂದಳು. ಒಂದು ಸಂಸ್ಥೆ ತನ್ನದೇ ಸರಕು, ತನ್ನದೇ ಸೇವೆ ಕೊಳ್ಳಲು ಮಾತ್ರ ಕೊಡುವ ಸಾಧನ ಒಂದು ಬಗೆ. ಅದಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಡ. ಆದರೆ ಮೂರನೆಯವರಿಗೆ ಪಾವತಿ ಮಾಡಲು ಅದನ್ನು ಬಳಸುವಂತಿಲ್ಲ. ನನ್ನ ಬೋಂಡ ಆಯೋಜಕರ ಸರಕಲ್ಲ. ಕಡ್ಲೆಹಿಟ್ಟು ನನ್ನದು, ಎಣ್ಣೆ ನನ್ನದು, ಆಹಾರ ಇಲಾಖೆಯ ನೋಂದಣಿ ನನ್ನ ಹೆಸರಿನದು. ಗ್ರಾಹಕನ ಹೊಟ್ಟೆ ಕೆಟ್ಟರೆ ಹೊಣೆಯೂ ನನ್ನದೇ ಎಂದು ಅವರದೇ ಕರಾರಿನ ಏಳನೇ ಕಲಮು ಹೇಳುತ್ತದೆ. ಹಾಗಾದರೆ ಈ ಪಟ್ಟಿ ಆ ಬಗೆಯದಾಗಲು ಹೇಗೆ ಸಾಧ್ಯ? ಇನ್ನೊಂದು ಬಗೆಯದು ಎನ್ನುವುದಾದರೆ ಅದನ್ನು ಬ್ಯಾಂಕ್ ಅಥವಾ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಸಂಸ್ಥೆ ಕೊಡಬೇಕು, ಮತ್ತು ಅದರ ಆಯುಸ್ಸು ದುಡ್ಡು ಹಾಕಿಸಿದ ದಿನದಿಂದ ಕನಿಷ್ಠ ಒಂದು ವರ್ಷ. ಹತ್ತು ದಿನದ ಗಡುವು ಎಲ್ಲಿಂದ ಬಂತು? ಪಟ್ಟಿ ಕೊಡುವ ಸಂಸ್ಥೆಯ ಹೆಸರು ಗ್ರಾಹಕನಿಗಾಗಲಿ ನಮಗಾಗಲಿ ಬರೆದು ತೋರಿಸಿದ್ದನ್ನು ನಾನು ನೋಡಿಲ್ಲ. ಅನುಮತಿಯ ಅರ್ಜಿಯಲ್ಲಿ ನೀವು ತುರ್ತು ಬಾಗಿಲು ಎಷ್ಟು, ಆಂಬುಲೆನ್ಸ್ ಎಲ್ಲಿ, ಧ್ವನಿವರ್ಧಕ ಎಷ್ಟು ಹೊತ್ತಿನವರೆಗೆ ಎಂದು ಕೇಳುತ್ತೀರಿ. ಜನರ ದುಡ್ಡು ಯಾರ ಖಾತೆಯಲ್ಲಿ ಕೂರುತ್ತದೆ ಎಂದು ಇನ್ನೊಂದು ಸಾಲು ಸೇರಿಸಲು ಎಷ್ಟು ಶಾಯಿ ಬೇಕು?

ಆಯೋಜಕರೇ, ಇನ್ನು ನನ್ನ ಸ್ವಂತದ ಕಥೆ. ಶನಿವಾರ, ಭಾನುವಾರ ಮಾರಿದ್ದರ ದುಡ್ಡು ಹದಿನೈದು ದಿನಕ್ಕೆ ಕೊಡುವುದೆಂದು ಕರಾರು. ಬಂದದ್ದು ಇಪ್ಪತ್ತಮೂರನೇ ದಿನ. ಅದರಲ್ಲಿ ನಿಮ್ಮ ಪಾಲು ನೂರಕ್ಕೆ 25 ಹೋಗಿ, ಯಂತ್ರದ ಬಾಡಿಗೆ ಹೋಗಿ, ಆ 840 ಹೋಗಿ. ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಮೂಟೆಯವನು ನನ್ನ ಮುಖ ನೋಡಿ ಇಪ್ಪತ್ತಮೂರು ದಿನ ಸಾಲ ಕೊಡುವುದಿಲ್ಲ. ಐದು ಜನ ಹುಡುಗರಿಗೆ ದಿನಕ್ಕೆ 900ರಂತೆ ಎರಡು ದಿನದ ಬಟವಾಡೆ ಭಾನುವಾರ ರಾತ್ರಿಯೇ ಆಗಬೇಕು. ಅವರು ಕೊನೆಯ ಬಸ್ಸಿಗೆ ಊರಿಗೆ ಹೋಗುವವರು. ಎರಡು ದಿನ ಬೆಳಗಿನಿಂದ ಮಧ್ಯರಾತ್ರಿಯವರೆಗೆ ಬಾಂಡಲಿ ಆರದೆ ವ್ಯಾಪಾರ ಮಾಡಿ, ಕೊನೆಗೆ ಹೆಂಡತಿ ಚೀಟಿಗೆಂದು ಎತ್ತಿಟ್ಟಿದ್ದ ಒಂಬತ್ತು ಸಾವಿರ ತೆಗೆದು ಅವರ ಕೈಗೆ ಕೊಟ್ಟೆ. ಗಲ್ಲಾಪೆಟ್ಟಿಗೆ ಅಲ್ಲೇ ಇತ್ತು. ಅಭ್ಯಾಸಬಲದಿಂದ ತಂದಿದ್ದೆ. ಅದರಲ್ಲಿ ಒಂದು ನಿಂಬೆಹಣ್ಣು, ನಾಲ್ಕು ಊದಿನಕಡ್ಡಿ.

ಈ ಪಟ್ಟಿಯ ಪದ್ಧತಿ ಬಂದದ್ದು ಹೊರದೇಶಗಳಿಂದ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೀರಿ. ನಿಜ, ಇಂಗ್ಲೆಂಡಿನ ಡೌನ್‌ಲೋಡ್ ಎಂಬ ಸಂಗೀತೋತ್ಸವ 2015ರಲ್ಲೇ ನಗದನ್ನು ಪೂರ್ತಿ ಬಿಟ್ಟು ಇದೊಂದನ್ನೇ ನೆಚ್ಚಿಕೊಂಡಿತ್ತು. ಆದರೆ ಅವರ ಸ್ಥಿತಿ ನೋಡಿ. ಅಲ್ಲಿ ವ್ಯಾಪಾರಿ ಕಾರ್ಡ್ ಉಜ್ಜಿದರೆ ಬ್ಯಾಂಕಿಗೆ ಕಮಿಷನ್ ತೆರಬೇಕು. ಬಯಲಿನಲ್ಲಿ ಕಾರ್ಡ್ ಯಂತ್ರಕ್ಕೆ ಸಂಪರ್ಕ ಸಿಗುವುದೂ ಕಷ್ಟವಿತ್ತು. ಅವರಿಗೆ ಯುಪಿಐ ಇರಲಿಲ್ಲ. ನಮಗಿದೆ. ಗ್ರಾಹಕನ ಬ್ಯಾಂಕ್ ಖಾತೆಯಿಂದ ನನ್ನ ಖಾತೆಗೆ ನೇರ ಬರುತ್ತದೆ, 2020ರ ಜನವರಿಯಿಂದ ಅದಕ್ಕೆ ವ್ಯಾಪಾರಿಯ ಮೇಲೆ ಕಮಿಷನ್ ಇಲ್ಲ. ಪಿನ್ ಒತ್ತದೆ ಸಣ್ಣ ಮೊತ್ತ ಕಳಿಸುವ ಯುಪಿಐ ಲೈಟ್ 2022ರಿಂದ ಇದೆ, ಕೀಪ್ಯಾಡ್ ಫೋನಿನವರಿಗೂ ದಾರಿ ಇದೆ. ಕಾಲಿಗೆ ಸರಿಹೊಂದುವ ಚಪ್ಪಲಿ ಮನೆಯಲ್ಲೇ ಇರುವಾಗ, ಅವರ ಕಾಲಿನ ಅಳತೆಯ ಬೂಟು ತಂದು ನಮಗೆ ತೊಡಿಸಿ, ಅದಕ್ಕೆ ಬಾಡಿಗೆಯನ್ನೂ ಕೇಳುತ್ತೀರಿ.

ನಿಮಗೆ ಪಟ್ಟಿ ಏಕೆ ಬೇಕೆಂದು ನನಗೆ ಗೊತ್ತಿಲ್ಲದೆ ಇಲ್ಲ. ಮಳಿಗೆಯವನು ಮಾರಾಟ ಮುಚ್ಚಿಟ್ಟು ನಿಮ್ಮ 25ಕ್ಕೆ ಕನ್ನ ಹಾಕುತ್ತಾನೆ ಎಂಬ ಅನುಮಾನ. ಅಂಥವರನ್ನು ನಾನೂ ಬಲ್ಲೆ. ನಗದು ಡಬ್ಬಿ ಎರಡಿಟ್ಟು, ಒಂದನ್ನು ತೋರಿಸಿ ಇನ್ನೊಂದನ್ನು ಸಿಲಿಂಡರ್ ಹಿಂದೆ ಇಡುವವರಿದ್ದಾರೆ. ಇದಕ್ಕೆ ಜಾತ್ರೆಗಳಲ್ಲಿ ಹಳೆಯ ಮದ್ದೊಂದಿದೆ, ನೆಲಬಾಡಿಗೆ. ಇಷ್ಟು ಅಡಿ ಜಾಗ, ಇಷ್ಟು ದಿನ, ಇಷ್ಟು ರೂಪಾಯಿ, ಮುಂಗಡ. ಆಮೇಲೆ ನಾನು ಚಿನ್ನ ಮಾರಿದರೂ ನೊಣ ಹೊಡೆದರೂ ನಿಮಗೆ ಸಂಬಂಧವಿಲ್ಲ. ಶೇಕಡಾವಾರೇ ಬೇಕೆಂದರೆ ಯುಪಿಐ ಖಾತೆಯ ಲೆಕ್ಕವನ್ನು ದಿನದ ಕೊನೆಗೆ ಮುದ್ರಿಸಿ ಕೊಡುತ್ತೇನೆ. ನಗದಿಗೆ ಚೀಟಿ ಹರಿದು ಕೊಡುತ್ತೇನೆ, ಅಡಿಚೀಟಿ ನೀವು ಎಣಿಸಿಕೊಳ್ಳಿ. ನಿಮ್ಮ ಮೇಲ್ವಿಚಾರಕರಿಗೆ ಲೋಟ ಎಣಿಸುವುದು ಹೇಗೂ ಬರುತ್ತದೆ.

ಇನ್ನೊಂದು ಕಾರಣವೂ ಇದೆ, ಅದನ್ನು ನೀವು ಕರಾರಿನಲ್ಲಿ ಬರೆಯುವುದಿಲ್ಲ. ಕೈಯಿಂದ ನೋಟು ಬಿಡುವಾಗ ಮನುಷ್ಯನಿಗೆ ಒಂದು ಕ್ಷಣ ಕೈ ಹಿಂಜರಿಯುತ್ತದೆ. ಯುಪಿಐನಲ್ಲೂ ಮೊತ್ತ ಒತ್ತಬೇಕು, ಪಿನ್ ಒತ್ತಬೇಕು, ಅಷ್ಟರಲ್ಲಿ ಬುದ್ಧಿ ಬರಬಹುದು. ಪಟ್ಟಿಯಲ್ಲಿ ಮಣಿಕಟ್ಟು ತಿರುಗಿಸಿದರೆ ಮುಗಿಯಿತು. ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ನೋಡದೆ ಹೋದವರೇ ಹೆಚ್ಚು. ವ್ಯಾಪಾರಿಯಾಗಿ ನನಗೆ ಅದರಿಂದ ಲಾಭವೇ ಆಯಿತು, ಸುಳ್ಳು ಹೇಳುವುದಿಲ್ಲ. ಎರಡನೇ ತಟ್ಟೆ ಬೋಂಡ ಕೇಳಿದ ಎಷ್ಟೋ ಜನ ನೋಟು ಹಿಡಿದು ಬಂದಿದ್ದರೆ ಒಂದೇ ತಟ್ಟೆಗೆ ಹೋಗುತ್ತಿದ್ದರು. ಆದರೆ ಕುಡಿದ ಅಮಲಿನಲ್ಲಿ ಪಟ್ಟಿ ಮುಟ್ಟಿಸಿ ಮುಟ್ಟಿಸಿ, ಕೊನೆಗೆ ಮನೆಗೆ ಹೋಗುವ ಕ್ಯಾಬಿಗೆ ಸಾಲದೆ ಮಳಿಗೆಯ ಹಿಂದೆ ಕುಳಿತಿದ್ದ ಹುಡುಗನಿಗೆ ರಾತ್ರಿ ಒಂದಕ್ಕೆ ನಾನೇ ನೂರು ರೂಪಾಯಿ ಕೊಟ್ಟು ಕಳಿಸಿದ್ದೂ ಇದೆ. ನಗದು! ಅದೇ ನಿಷೇಧಿತ ಸರಕು.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಪಟ್ಟಿಯನ್ನು ಬಾಗಿಲಿಗೆ ಇಟ್ಟುಕೊಳ್ಳಿ. ಟಿಕೆಟ್ ಪರೀಕ್ಷೆಗೆ ಅದು ಬಹಳ ಒಳ್ಳೆಯದು, ಕಾಗದದ ಹಾಗೆ ಹರಿಯುವುದಿಲ್ಲ, ಕಳೆಯುವುದಿಲ್ಲ. ದುಡ್ಡಿಗೂ ಅದನ್ನು ಬಳಸುವವರಿದ್ದರೆ ಬಳಸಲಿ, ಆದರೆ ಅದೊಂದೇ ದಾರಿ ಎನ್ನಬೇಡಿ. ಪ್ರತಿ ಮಳಿಗೆಯಲ್ಲೂ ಅವರವರ ಕ್ಯೂಆರ್ ಇರಲಿ, ಪಕ್ಕದಲ್ಲಿ ನಗದಿನ ಡಬ್ಬಿ ಇರಲಿ. ಪಟ್ಟಿಯಲ್ಲಿ ಉಳಿದ ದುಡ್ಡು ಅರ್ಜಿಯಿಲ್ಲದೆ, ಶುಲ್ಕವಿಲ್ಲದೆ, ಬಂದ ದಾರಿಯಲ್ಲೇ ವಾಪಸಾಗಲಿ. ಮಳಿಗೆಯ ಬಾಕಿ ಮೂರು ದಿನದಲ್ಲಿ ಬರಲಿ. ಕುಡಿಯುವ ನೀರಿಗೆ ಮಾತ್ರ ಪಟ್ಟಿ, ಫೋನು, ನೋಟು ಯಾವುದನ್ನೂ ಕೇಳಬೇಡಿ. ರಾಮನವಮಿಗೆ ನಮ್ಮ ಬೀದಿಬೀದಿಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುವವರು ಯಾರ ಮಣಿಕಟ್ಟನ್ನೂ ನೋಡುವುದಿಲ್ಲ. ಅವರಲ್ಲಿ ಹೆಚ್ಚಿನವರು ನನಗಿಂತ ಬಡವರು.

ಉತ್ಸವಕ್ಕೆ ಹೋಗುವ ಓದುಗರು ಯಾರಾದರೂ ಇದನ್ನು ನೋಡುತ್ತಿದ್ದರೆ, ಪಟ್ಟಿಯಲ್ಲಿ ಉಳಿದದ್ದು ಮೂವತ್ತೇ ರೂಪಾಯಿಯಾದರೂ ಕೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಮೂವತ್ತಕ್ಕೆ ಯಾರು ಜಗಳ ಆಡುತ್ತಾರೆ ಎಂಬ ಧೈರ್ಯದ ಮೇಲೆಯೇ ಈ ಅಂಗಡಿ ನಡೆಯುತ್ತಿದೆ.

ಕರಾರುಪತ್ರ ಗಲ್ಲಾದ ಕೆಳಗೆ ಇದೆ. ಹನ್ನೊಂದನೆಯ ಕಲಮಿನ ಮೇಲೆ ಮಗಳು ಪೆನ್ಸಿಲಿನಲ್ಲಿ ಗೀಟು ಎಳೆದು, ಪಕ್ಕದಲ್ಲಿ ಬದಲಿ ವಾಕ್ಯವನ್ನು ಕನ್ನಡದಲ್ಲಿ ಬರೆದಿದ್ದಾಳೆ, ಕೆಳಗೆ ಇಂಗ್ಲಿಷಿನಲ್ಲೂ. ನಾನು ಇನ್ನೂ ಸಹಿ ಹಾಕಿಲ್ಲ. ಶುಕ್ರವಾರದೊಳಗೆ ನಿಮ್ಮ ಉತ್ತರ ಬಂದರೆ ಒಳ್ಳೆಯದು. ಶನಿವಾರ ಬೆಳಗ್ಗೆ ನಾನು ಎಂಬತ್ತು ಕಿಲೋ ಕಡ್ಲೆಹಿಟ್ಟಿಗೆ ಹೇಳಬೇಕು, ಅಂಗಡಿಯವನು ಮುಂಗಡ ಕೇಳುತ್ತಾನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ತಿಂಡಿ ವ್ಯಾಪಾರಿ
ಚಾಮರಾಜಪೇಟೆ, ಬೆಂಗಳೂರು